ಶಾಸ್ತ್ರಗಳ ಗಟ್ಟಿತನವೂ ವಿಷಯದ ಜಟಿಲತೆಯೂ

ಯುಗಾದಿಯ ದಿನ ಊರ ದೇವಾಲಯದಲ್ಲಿ ಪಂಚಾಂಗಶ್ರವಣ ನಡೆಯುವ ಸಂಪ್ರದಾಯವನ್ನು ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಈಗಲೂ ಕಾಣಬಹುದು. ಪುರೋಹಿತರು ಆ ವರ್ಷದ ಗ್ರಹಣಗಳನ್ನು ಓದುತ್ತಾರೆ. ಅನಂತರ ಮಳೆ ಎಷ್ಟು ಕೊಳಗ, ಧಾನ್ಯದ ಧಾರಣೆ ಹೇಗೆ ಎಂಬುದನ್ನೂ ಅದೇ ಧ್ವನಿಯಲ್ಲಿ ಓದುತ್ತಾರೆ. ಕೇಳುವ ರೈತನು ಮಾತ್ರ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಗ್ರಹಣದ ಹೊತ್ತಿಗೆ ಸ್ನಾನಕ್ಕೆ ಸಿದ್ಧನಾಗುತ್ತಾನೆ. ಮಳೆಯ ವಿಷಯಕ್ಕೆ ಬಂದರೆ ಮುಗಿಲನ್ನೇ ನೋಡುತ್ತಾನೆ. ಗ್ರಹಣವೂ ಆಕಾಶದ್ದು, ಮೋಡವೂ ಆಕಾಶದ್ದು. ಒಂದು ನಿಮಿಷ ತಪ್ಪದೆ ಹೇಳಲು ಬರುವುದೇಕೆ, ಇನ್ನೊಂದು ಹೇಳಲು ಬಾರದಿರುವುದೇಕೆ? ಈ ಪ್ರಶ್ನೆಯ ಬೆನ್ನು ಹಿಡಿದು ಹೊರಟರೆ, ವಿದ್ವಾಂಸರು ಶಾಸ್ತ್ರಗಳನ್ನು ಗಟ್ಟಿ ಶಾಸ್ತ್ರಗಳೆಂದೂ ಮೆದು ಶಾಸ್ತ್ರಗಳೆಂದೂ ವಿಂಗಡಿಸುವ ವಾಡಿಕೆಯ ಒಳಗುಟ್ಟು ತಿಳಿಯುತ್ತದೆ.

ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಗಟ್ಟಿ. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳು ಮೆದು ಎಂಬುದು ಈ ವಿಂಗಡಣೆ. ಇದು ವಿದ್ವಾಂಸರ ಮಾತಾಗಿಯೇ ಉಳಿದಿದ್ದರೆ ನಮಗೆ ಚಿಂತೆಯಿರಲಿಲ್ಲ. ಆದರೆ ಇದು ನಮ್ಮ ಶಾಲೆಯ ಅಂಗಳಕ್ಕೂ ಇಳಿದಿದೆ. ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಹೆಚ್ಚು ಅಂಕ ಗಳಿಸಿದವರು ವಿಜ್ಞಾನಕ್ಕೆ, ಉಳಿದವರು ಕಲೆಗೆ ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಚರಿತ್ರೆಯಲ್ಲಿ ಆಸಕ್ತಿಯುಳ್ಳ ಚುರುಕು ಹುಡುಗಿಯನ್ನು, 'ಇಷ್ಟು ಬುದ್ಧಿಯಿದ್ದೂ ಚರಿತ್ರೆಯೇ?' ಎಂದು ಕೇಳುತ್ತಾರೆ. ಗಟ್ಟಿ ಎಂಬ ಮಾತು ಜಾಣತನದ ಮುದ್ರೆಯಾಗಿ, ಮೆದು ಎಂಬ ಮಾತು ದಡ್ಡತನದ ಮುದ್ರೆಯಾಗಿ ಪರಿಣಮಿಸಿದೆ. ಇದು ಸರಿಯೇ ಎಂಬುದನ್ನು ವಿವೇಚಿಸಿ ಅಧ್ಯಾಪಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಶಾಸ್ತ್ರಗಳನ್ನು ಕ್ರಮವಾಗಿ ಜೋಡಿಸಿದವರಲ್ಲಿ ಫ್ರಾನ್ಸಿನ ತತ್ತ್ವಜ್ಞ ಆಗಸ್ಟ್ ಕೋಂತನು ಪ್ರಸಿದ್ಧನು. 1830ರಿಂದ 1842ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ತನ್ನ ಉಪನ್ಯಾಸಮಾಲೆಯಲ್ಲಿ ಅವನು ಗಣಿತ, ಖಗೋಳಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಸಮಾಜಶಾಸ್ತ್ರ ಎಂಬ ಆರು ಮೆಟ್ಟಿಲುಗಳ ಏಣಿಯೊಂದನ್ನು ನಿಲ್ಲಿಸಿದನು. ಕೆಳಗಿನ ಮೆಟ್ಟಿಲಿನಲ್ಲಿ ವಿಷಯ ಸರಳ, ನಿಯಮ ವ್ಯಾಪಕ. ಮೇಲೇರಿದಂತೆಲ್ಲ ವಿಷಯ ಜಟಿಲವಾಗುತ್ತದೆ, ಒಂದರ ಮೇಲೊಂದು ಅವಲಂಬನೆ ಬೆಳೆಯುತ್ತದೆ. ಆದುದರಿಂದಲೇ ಖಗೋಳಶಾಸ್ತ್ರ ಮೊದಲು ಪಕ್ವವಾಯಿತು, ಸಮಾಜಶಾಸ್ತ್ರ ಕಡೆಗೆ ಹುಟ್ಟಿತು ಎಂಬುದು ಅವನ ವಾದ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಏಣಿಯ ಮೇಲ್ಮೆಟ್ಟಿಲಿನಲ್ಲಿ ಅವನು ಇರಿಸಿದ್ದು ಸಮಾಜಶಾಸ್ತ್ರವನ್ನು. ಅದು ಕೀಳೆಂಬ ಭಾವನೆ ಅವನದಲ್ಲ. ಅದು ಎಲ್ಲಕ್ಕಿಂತ ಜಟಿಲವೆಂಬುದು ಅವನ ಅಭಿಪ್ರಾಯ.

ಆದರೆ ಕೋಂತನೂ ಒಂದೆಡೆ ಎಡವಿದನು. ನಕ್ಷತ್ರಗಳು ಯಾವ ದ್ರವ್ಯಗಳಿಂದ ಆಗಿವೆ ಎಂಬುದನ್ನು ಮನುಷ್ಯನು ಎಂದಿಗೂ ಅರಿಯಲಾರನೆಂದು 1835ರಲ್ಲಿ ಬರೆದನು. 1859ರಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ಜರ್ಮನ್ ವಿಜ್ಞಾನಿಗಳು ಬೆಳಕಿನ ರೋಹಿತವನ್ನು ನೋಡಿ ದ್ರವ್ಯವನ್ನು ಗುರುತಿಸುವ ಬಗೆಯನ್ನು ಕಂಡುಹಿಡಿದರು. 1868ನೆಯ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಎಂಬುವನು ಆಂಧ್ರದ ಗುಂಟೂರಿಗೆ ಬಂದು ನೋಡಿ, ಸೂರ್ಯನ ಅಂಚಿನ ಜ್ವಾಲೆಗಳ ರೋಹಿತವನ್ನು ಪರೀಕ್ಷಿಸಿದನು. ಆ ವರ್ಷದ ಅವಲೋಕನಗಳಲ್ಲಿ ಕಂಡ ಹಳದಿ ಗೆರೆಯೊಂದು ಹೀಲಿಯಮ್ ಎಂಬ ಹೊಸ ಧಾತುವಿನದೆಂದು ಮುಂದೆ ಸ್ಥಿರಪಟ್ಟಿತು. ಆ ಧಾತು ಭೂಮಿಯ ಮೇಲೆ ಕೈಗೆ ಸಿಕ್ಕಿದುದು 1895ರಲ್ಲಿ. ಕೋಟ್ಯಂತರ ಮೈಲಿಗಳಾಚೆಯ ಸೂರ್ಯನು ತನ್ನ ಗುಟ್ಟನ್ನು ಬಿಟ್ಟುಕೊಟ್ಟನು. ಪಕ್ಕದ ಮನೆಯ ಜಗಳದ ಕಾರಣ ಇನ್ನೂ ನಮಗೆ ತಿಳಿಯದು. ದೂರವಿರುವುದೇ ಬೇರೆ, ಜಟಿಲವಾಗಿರುವುದೇ ಬೇರೆ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಸರಳತೆ ಎಂದರೇನು? ಹ್ಯಾಲಿ ಧೂಮಕೇತುವನ್ನೇ ನೋಡೋಣ. 1531, 1607, 1682ರಲ್ಲಿ ಕಂಡ ಧೂಮಕೇತುಗಳು ಮೂರಲ್ಲ, ಒಂದೇ. ಅದು 1758ರ ಸುಮಾರಿಗೆ ಮರಳಿ ಬರುವುದೆಂದು ಎಡ್ಮಂಡ್ ಹ್ಯಾಲಿ 1705ರಲ್ಲಿ ಸಾರಿದನು. ಕ್ಲೇರೋ ಎಂಬ ಫ್ರೆಂಚ್ ಗಣಿತಜ್ಞನು ಗುರು, ಶನಿಗ್ರಹಗಳ ಸೆಳೆತವನ್ನೂ ಲೆಕ್ಕಕ್ಕೆ ತಂದು, ಅದು 1759ರ ಏಪ್ರಿಲ್ ನಡುವಿನಲ್ಲಿ ಸೂರ್ಯನಿಗೆ ಅತಿ ಸಮೀಪಿಸುವುದು, ಒಂದು ತಿಂಗಳು ಹೆಚ್ಚುಕಡಿಮೆಯಾಗಬಹುದು ಎಂದನು. ಅದು ಸಮೀಪಿಸಿದ್ದು ಮಾರ್ಚ್ 13ರಂದು. ಎಪ್ಪತ್ತಾರು ವರ್ಷಗಳ ಪಯಣದಲ್ಲಿ ತಪ್ಪು ಒಂದು ತಿಂಗಳದು! ಇದು ಗಣಿತಜ್ಞರ ಪ್ರತಿಭೆಯ ಫಲ, ನಿಜ. ಆದರೆ ವಿಷಯವೂ ಅವರಿಗೆ ಒಲಿದಿತ್ತು. ಆ ರಂಗದಲ್ಲಿ ಸೂರ್ಯನದೇ ದರ್ಬಾರು. ಗ್ರಹಗಳಲ್ಲೆಲ್ಲ ದೊಡ್ಡದಾದ ಗುರುವಿನ ದ್ರವ್ಯರಾಶಿ ಸೂರ್ಯನ ಸಾವಿರದ ಒಂದು ಪಾಲಿಗೂ ಕಡಿಮೆ. ಮುಖ್ಯ ಕಾರಣ ಒಂದನ್ನು ಹಿಡಿದುಕೊಂಡು, ಮಿಕ್ಕವನ್ನು ಸಣ್ಣ ತಿದ್ದುಪಡಿಗಳೆಂದು ಎಣಿಸಲು ಅಲ್ಲಿ ಅವಕಾಶವಿತ್ತು. ಸೂರ್ಯನಂತಹ ಯಜಮಾನನಿಲ್ಲದೆ ಸರಿಸಾಟಿಯಾದ ಮೂರು ಕಾಯಗಳು ಒಂದನ್ನೊಂದು ಸೆಳೆಯುತ್ತಿದ್ದರೆ ಏನಾದೀತು? ಆ ಚಲನೆ ಎಂತಹ ಗೋಜಲಾಗಬಲ್ಲುದೆಂಬುದನ್ನು ಆನ್ರಿ ಪ್ವಾಂಕರೆ 1890ರಲ್ಲಿ ತೋರಿಸಿಕೊಟ್ಟನು. ಎರಡರಿಂದ ಮೂರಕ್ಕೆ ಹೋದ ಮಾತ್ರಕ್ಕೆ ಶಾಸ್ತ್ರಗಳಲ್ಲೆಲ್ಲ ಗಟ್ಟಿಯಾದ ಶಾಸ್ತ್ರವೇ ಮೆತ್ತಗಾಯಿತು.

ಇಲ್ಲಿ ಒಂದು ಶಂಕೆ ಏಳುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಜಟಿಲವೆಂದರೆ, ಒಂದು ಘನ ಸೆಂಟಿಮೀಟರು ಗಾಳಿಯಲ್ಲಿ ಇಪ್ಪತ್ತೇಳರ ಮುಂದೆ ಹದಿನೆಂಟು ಸೊನ್ನೆಗಳನ್ನಿಟ್ಟಷ್ಟು ಅಣುಗಳಿವೆ. ಆದರೂ ಆ ಗಾಳಿಯ ಒತ್ತಡ, ಉಷ್ಣತೆಗಳನ್ನು ಭೌತಶಾಸ್ತ್ರ ನಿಖರವಾಗಿ ಹೇಳುವುದು ಹೇಗೆ? ಇದಕ್ಕೆ ಉತ್ತರವನ್ನು ಅಮೆರಿಕದ ವಾರೆನ್ ವೀವರ್ ಎಂಬ ಗಣಿತಜ್ಞನು 1948ರಲ್ಲಿ ಬರೆದ ಒಂದು ಲೇಖನದಲ್ಲಿ ಚೆನ್ನಾಗಿ ವಿವರಿಸಿದ್ದಾನೆ. ಅವನು ಪ್ರಶ್ನೆಗಳನ್ನು ಮೂರು ಬಗೆಯಾಗಿ ಒಡೆದನು. ಎರಡು ಮೂರು ಅಂಶಗಳ ಸರಳ ಪ್ರಶ್ನೆಗಳು ಮೊದಲನೆಯವು. ಅಸಂಖ್ಯಾತ ಅಂಶಗಳಿದ್ದರೂ ಅವು ಗೊತ್ತುಗುರಿಯಿಲ್ಲದೆ ಚಲಿಸುವ, ಕಟ್ಟಿಲ್ಲದ ಜಟಿಲತೆಯ ಪ್ರಶ್ನೆಗಳು ಎರಡನೆಯವು. ಇವೆರಡರ ನಡುವೆ, ಅಂಶಗಳು ಮಿತಸಂಖ್ಯೆಯಲ್ಲಿದ್ದು ಒಂದಕ್ಕೊಂದು ಹೆಣೆದುಕೊಂಡಿರುವ, ಕಟ್ಟುಳ್ಳ ಜಟಿಲತೆಯ ಪ್ರಶ್ನೆಗಳು ಮೂರನೆಯವು.

ಕಟ್ಟಿಲ್ಲದ ಜಟಿಲತೆಗೆ ಸರಾಸರಿಯೇ ಮದ್ದು. ಜಾತ್ರೆಯ ಗುಂಪಿನಲ್ಲಿ ಯಾವನು ಎತ್ತ ಹೋಗುವನೆಂದು ಹೇಳಲಾರೆವು. ಆದರೆ ಎಷ್ಟು ಮಂದಿಗೆ ಎಷ್ಟು ನೀರು ಬೇಕೆಂದು ಹೇಳಬಲ್ಲೆವು. ಒಬ್ಬನ ಅತ್ತಣ ಓಟವನ್ನು ಇನ್ನೊಬ್ಬನ ಇತ್ತಣ ಓಟ ಸರಿದೂಗಿಸುತ್ತದೆ. ಗಾಳಿಯ ಅಣುಗಳ ಸಂಗತಿಯೂ ಇದೇ. ಆದರೆ ಕಟ್ಟುಳ್ಳ ಜಟಿಲತೆಯಲ್ಲಿ ಈ ಸರಿದೂಗಿಕೆ ಇಲ್ಲ. ಮೂವತ್ತು ಜನರ ಕೂಡುಕುಟುಂಬವೊಂದರಲ್ಲಿ ಹಿರಿಯ ಸೊಸೆ ತವರಿಗೆ ಹೋದರೆ ಮನೆಯ ನಡೆಯೇ ಬದಲಾಗುತ್ತದೆ. ಅಲ್ಲಿ ಸರಾಸರಿ ತೆಗೆದು ಪ್ರಯೋಜನವಿಲ್ಲ. ಜೀವಕೋಶ, ಹೊಲ, ಪೇಟೆ, ತರಗತಿ, ಭಾಷೆ ಇವೆಲ್ಲ ಈ ಮೂರನೆಯ ಬಗೆಯವು. ನಾವು ಮೆದು ಎಂದು ಕರೆಯುವ ಶಾಸ್ತ್ರಗಳ ಬಹುಪಾಲು ಪ್ರಶ್ನೆಗಳು ಬೀಳುವುದು ಇಲ್ಲಿಯೇ.

ಈಗ ಪಂಚಾಂಗದ ಮಳೆಗೆ ಹಿಂದಿರುಗೋಣ. ಗಾಳಿ, ನೀರು, ಶಾಖಗಳ ನಿಯಮಗಳೆಲ್ಲ ಭೌತಶಾಸ್ತ್ರದವು. ಅವುಗಳಲ್ಲಿ ಮೆದುವಾದುದು ಒಂದೂ ಇಲ್ಲ. ಆದರೂ 1922ರಲ್ಲಿ ಇಂಗ್ಲೆಂಡಿನ ರಿಚರ್ಡ್‌ಸನ್ ಎಂಬುವನು ಆ ನಿಯಮಗಳಿಂದಲೇ ಆರು ಗಂಟೆಗಳ ಹವೆಯನ್ನು ಗುಣಿಸಿ ಪ್ರಕಟಿಸಿದಾಗ, ವಾಯುಭಾರದಲ್ಲಿ ಭಾರಿ ಏರಿಕೆ ಬಂದಿತು. ನಿಜವಾಗಿ ಅಂದು ವಾಯುಭಾರ ಬಹುಮಟ್ಟಿಗೆ ಅಲುಗಾಡಿರಲಿಲ್ಲ. ನಮ್ಮ ದೇಶದಲ್ಲಿ 1904ರಿಂದ 1924ರವರೆಗೆ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದವನು. ಮುಂಗಾರನ್ನು ಮುಂದಾಗಿ ಹೇಳಬೇಕೆಂದು ಅವನು ಲೋಕದ ನಾನಾ ಕಡೆಯ ಹವೆಯ ಅಂಕಿಗಳನ್ನು ಕೂಡಿಹಾಕಿ ಹೋಲಿಸಿದನು. ಶಾಂತಸಾಗರದ ಕಡೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವ, ಅದು ಇಳಿದಾಗ ಇದು ಏರುವ ತಕ್ಕಡಿಯಾಟವೊಂದು ಅವನಿಗೆ ಕಂಡಿತು. ಪೂರ್ವ ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೋ ಎಂಬ ವಿದ್ಯಮಾನಕ್ಕೂ ಈ ತಕ್ಕಡಿಗೂ ಇರುವ ನಂಟನ್ನು 1969ರಲ್ಲಿ ಜೇಕಬ್ ಬ್ಯರ್ಕ್‌ನೆಸ್ ವಿವರಿಸಿದನು. ಎಲ್ ನಿನೋ ಬಂದರೆ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು ಎಂಬುದು ಇಂದು ತಿಳಿದ ಮಾತು.

ಸಂಭವ ಹೆಚ್ಚು ಎಂದಷ್ಟೇ ಹೇಳಬೇಕು. 1997ರಲ್ಲಿ ಇಪ್ಪತ್ತನೆಯ ಶತಮಾನದ ಅತಿ ಪ್ರಬಲ ಎಲ್ ನಿನೋಗಳಲ್ಲೊಂದು ತಲೆಯೆತ್ತಿತು. ಆದರೂ ಆ ವರ್ಷ ಭಾರತದ ಮುಂಗಾರು ಸರಾಸರಿಗೆ ಕಡಿಮೆಯಾಗಲಿಲ್ಲ. 2002ರಲ್ಲಿ ಅದಕ್ಕಿಂತ ದುರ್ಬಲವಾದ ಎಲ್ ನಿನೋ ಬಂದಾಗ ಮಳೆ ನೂರಕ್ಕೆ ಹತ್ತೊಂಬತ್ತರಷ್ಟು ಕೊರತೆಯಾಗಿ ದೇಶ ಬರಕ್ಕೆ ತುತ್ತಾಯಿತು. ಇದೇಕೆ ಹೀಗೆ ಎಂಬುದರ ಒಂದು ಮುಖವನ್ನು ಎಡ್ವರ್ಡ್ ಲೊರೆಂಜ್ ತೋರಿಸಿದನು. 1961ರಲ್ಲಿ ಹವೆಯ ಸರಳ ಮಾದರಿಯೊಂದನ್ನು ಗಣಕಯಂತ್ರದಲ್ಲಿ ಎರಡನೆಯ ಸಲ ನಡೆಸುವಾಗ ಅವನು 0.506127 ಎಂಬ ಸಂಖ್ಯೆಗೆ ಬದಲಾಗಿ 0.506 ಎಂದು ಕೊಟ್ಟನು. ಸ್ವಲ್ಪ ಹೊತ್ತು ಎರಡು ಲೆಕ್ಕಗಳೂ ಜೊತೆಯಾಗಿ ನಡೆದು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಅಗಲಿಹೋದವು. ನಿಯಮ ಖಚಿತವಾಗಿದ್ದರೂ, ಆರಂಭದ ಕೂದಲೆಳೆಯ ವ್ಯತ್ಯಾಸ ಬೆಳೆದು ಭವಿಷ್ಯವನ್ನೇ ಮರೆಮಾಡಬಲ್ಲುದೆಂದು 1963ರಲ್ಲಿ ಅವನು ಪ್ರಕಟಿಸಿದನು. ಗಟ್ಟಿ ಶಾಸ್ತ್ರದ ಮನೆಯಲ್ಲಿಯೇ ಮೆದುವಾದ ಕೋಣೆಯಿದೆ ಎಂದಾಯಿತು.

ಇದಕ್ಕೆ ಪ್ರತಿಯಾಗಿ, ಮೆದುವೆನಿಸಿದ ಶಾಸ್ತ್ರದ ಮನೆಯಲ್ಲಿ ಗಟ್ಟಿಯಾದ ಕೋಣೆಯಿದೆಯೇ? ಇದೆ, ಅದು ನಮ್ಮ ನಾಲಗೆಯ ಮೇಲೆಯೇ ಇದೆ. ಮಡಕಶಿರಾ, ರಾಯದುರ್ಗ, ಆದೋನಿಗಳ ಕಡೆಯ ಮಕ್ಕಳು ದಿನವೂ ಎರಡು ಭಾಷೆಗಳಲ್ಲಿ ಆಡುತ್ತಾರೆ. ತೆಲುಗಿನಲ್ಲಿ ಪಾಲು, ಪುಲಿ, ಪಲ್ಲು, ಪೇರು. ಕನ್ನಡದಲ್ಲಿ ಹಾಲು, ಹುಲಿ, ಹಲ್ಲು, ಹೆಸರು. ಹಳಗನ್ನಡದ ಪಾಲ್, ಪುಲಿ, ಪಲ್, ಪೆಸರ್‌ಗಳು ನಡುಗನ್ನಡದ ಕಾಲಕ್ಕೆ ಸಾಲುಸಾಲಾಗಿ ಹಕಾರಕ್ಕೆ ತಿರುಗಿದವು. ಕನ್ನಡದ ಕಿವಿ ತೆಲುಗಿಗೆ ಚೆವಿ, ಕೆರೆ ಚೆರುವು. ಇಲ್ಲಿ ಕನ್ನಡ ಹಳೆಯ ಕಕಾರವನ್ನು ಉಳಿಸಿಕೊಂಡಿದೆ, ತೆಲುಗು ಬದಲಾಯಿಸಿದೆ. ಇದು ಯಾರೋ ಸಭೆ ಸೇರಿ ಮಾಡಿದ ಕಟ್ಟಲೆಯಲ್ಲ. ಆದರೂ ಕಟ್ಟಲೆಯಂತೆ ನಡೆಯಿತು. ಧ್ವನಿನಿಯಮಗಳಿಗೆ ಅಪವಾದವಿಲ್ಲವೆಂದು ಜರ್ಮನಿಯ ಭಾಷಾಶಾಸ್ತ್ರಜ್ಞರು 1878ರಲ್ಲಿ ಘೋಷಿಸಿದ್ದು ಕೊಂಚ ಅತಿಯಾಯಿತೆಂದು ಇಟ್ಟುಕೊಂಡರೂ, ಅದರಲ್ಲಿ ಸಾರವಿದೆ. ಧ್ವನಿಯೊಂದನ್ನು ಅದರ ಅರ್ಥದಿಂದಲೂ ಆಡುವವನ ಇಚ್ಛೆಯಿಂದಲೂ ಬೇರ್ಪಡಿಸಿ ನೋಡಲು ಬರುತ್ತದೆ. ಬೇರ್ಪಡಿಸಲು ಬಂದಲ್ಲಿ ನಿಯಮ ಕಾಣುತ್ತದೆ.

ಬೇರ್ಪಡಿಸಲು ಬಾರದ ಕಡೆ ಏನಾಗುತ್ತದೆಂಬುದಕ್ಕೂ ಗಡಿನಾಡೇ ಉದಾಹರಣೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಗ್ರಾಮದ ಭಾಷಾಸ್ಥಿತಿಯನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದರು. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇವೆ. ಶತಮಾನಗಳ ಒಡನಾಟದಿಂದ ಆ ಊರಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಎಷ್ಟು ಸಮೀಪಿಸಿದೆಯೆಂದರೆ, ಪದಕ್ಕೆ ಪದವಿಟ್ಟು ಒಂದರಿಂದ ಇನ್ನೊಂದಕ್ಕೆ ದಾಟಬಹುದು. ಆದರೆ ಶಬ್ದಗಳು ಮಾತ್ರ ಆಯಾ ಮನೆಯ ಗುರುತಾಗಿ ಬೇರೆಬೇರೆಯಾಗಿಯೇ ಉಳಿದಿವೆ. ಇದನ್ನು ಮುಂಚಿತವಾಗಿ ಯಾವ ಸೂತ್ರವೂ ಹೇಳಲಾರದಿತ್ತು. ಮನೆ, ಜಾತಿ, ಕಸುಬು, ಸಂತೆ, ಹೊಲಗೆಲಸ ಎಲ್ಲವೂ ಸೇರಿ ಹೆಣೆದ ಬಲೆ ಅದು. ಒಂದು ದಾರವನ್ನು ಎಳೆದರೆ ಇಡೀ ಬಲೆ ಅಲುಗುತ್ತದೆ. ವಿದ್ವಾಂಸರು ಇಲ್ಲಿ ಮಾಡಿದ್ದು ಸೋಮಾರಿ ಕೆಲಸವಲ್ಲ. ನಿಯಮ ಸಿಗದ ಕಡೆ ನಿಷ್ಠೆಯಿಂದ ವಿವರಿಸಿದರು. ಆ ವಿವರಣೆಯೇ ಅಲ್ಲಿನ ಶಾಸ್ತ್ರ.

ಮನುಷ್ಯನ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಧೂಮಕೇತುವು ತನ್ನ ವಿಷಯದಲ್ಲಿ ಹೇಳಿದ ಭವಿಷ್ಯವನ್ನು ಕೇಳಿಸಿಕೊಳ್ಳುವುದಿಲ್ಲ. ಮನುಷ್ಯನು ಕೇಳಿಸಿಕೊಳ್ಳುತ್ತಾನೆ, ಕೇಳಿ ತನ್ನ ನಡೆಯನ್ನು ಬದಲಾಯಿಸುತ್ತಾನೆ. ನಮ್ಮ ಗಡಿನಾಡಿನ ಕನ್ನಡ ಶಾಲೆಗಳನ್ನೇ ನೋಡಿ. ದಾಖಲೆ ಪುಸ್ತಕದಲ್ಲಿ ಮಕ್ಕಳ ಸಂಖ್ಯೆ ಇಳಿದಿದೆಯೆಂಬುದು ಎಣಿಸಬಹುದಾದ ಗಟ್ಟಿ ಸಂಗತಿ. ಏಕೆ ಇಳಿಯಿತು ಎಂಬುದು ಕಟ್ಟುಳ್ಳ ಜಟಿಲತೆ. ಉದ್ಯೋಗದ ಭಾಷೆ, ಮುಂದಿನ ತರಗತಿಯ ಸೌಕರ್ಯ, ಬಸ್ಸಿನ ದಾರಿ, ಹೆಣ್ಣು ತರುವ ಕೊಡುವ ಊರುಗಳು, ನೆರೆಮನೆಯವರ ತೀರ್ಮಾನ ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡಿವೆ. ನಾಲ್ಕು ಮಕ್ಕಳು ಬಿಟ್ಟರೆ ಒಂದು ಅಧ್ಯಾಪಕ ಹುದ್ದೆ ಹೋಗಬಹುದು. ಹುದ್ದೆ ಹೋದರೆ ಇನ್ನೂ ನಾಲ್ಕು ಮಕ್ಕಳು ಬಿಡುತ್ತಾರೆ. 'ಈ ಶಾಲೆ ಮುಚ್ಚುತ್ತದಂತೆ' ಎಂಬ ಗಾಳಿಮಾತೇ ಶಾಲೆಯನ್ನು ಮುಚ್ಚಿಸಬಲ್ಲುದು. ಇಂತಹ ಕಡೆ ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸುವವನ ಮಾತು ಎಷ್ಟು ಗಟ್ಟಿಯಾಗಿ ಕೇಳಿಸಿದರೂ ಅದು ಟೊಳ್ಳು.

ಜಟಿಲತೆಯನ್ನು ಕೆಳಗಿನ ಮೆಟ್ಟಿಲಿನ ಶಾಸ್ತ್ರವೇ ಒಂದು ದಿನ ಬಿಡಿಸೀತು, ಎಲ್ಲವೂ ಕಟ್ಟಕಡೆಗೆ ಅಣುಗಳೇ ಅಲ್ಲವೇ ಎಂದು ಕೆಲವರು ವಾದಿಸುವುದುಂಟು. ಇದಕ್ಕೆ ಉತ್ತರ ಕೊಟ್ಟವನು ಭೌತಶಾಸ್ತ್ರಜ್ಞನೇ. ಫಿಲಿಪ್ ಆಂಡರ್‌ಸನ್ 1972ರ ತನ್ನ ಲೇಖನದಲ್ಲಿ, ವಸ್ತುವನ್ನು ಮೂಲ ನಿಯಮಗಳವರೆಗೆ ಬಿಡಿಸಬಲ್ಲೆವೆಂದ ಮಾತ್ರಕ್ಕೆ ಆ ನಿಯಮಗಳಿಂದ ಲೋಕವನ್ನು ಮರಳಿ ಕಟ್ಟಬಲ್ಲೆವೆಂದಾಗುವುದಿಲ್ಲವೆಂದೂ, ಜಟಿಲತೆಯ ಒಂದೊಂದು ಹಂತದಲ್ಲಿಯೂ ಹೊಸ ಗುಣಗಳು ತಲೆದೋರಿ ಹೊಸ ಶಾಸ್ತ್ರವನ್ನು ಬೇಡುತ್ತವೆಂದೂ ವಾದಿಸಿದನು. ಅಕ್ಷರಮಾಲೆಯನ್ನು ಬಲ್ಲವನು ಕಾವ್ಯವನ್ನು ಬಲ್ಲವನಾಗುವುದಿಲ್ಲ. ಇದನ್ನು ಭಾಷಾ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಕೈಯಲ್ಲಿರುವ ಕೆಂಪು ಮಸಿಯ ಲೇಖನಿಯ ವಿಷಯ. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬುವರು 1912ರಲ್ಲಿ ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿಗಳನ್ನು ನೂರಕ್ಕೂ ಹೆಚ್ಚು ಪ್ರೌಢಶಾಲಾ ಅಧ್ಯಾಪಕರಿಗೆ ಕಳುಹಿಸಿ ಅಂಕ ಕೊಡಿಸಿದರು. ಒಂದೇ ಪತ್ರಿಕೆಗೆ ಬಂದ ಅಂಕಗಳು ಎಲ್ಲಿಂದೆಲ್ಲಿಗೋ ಹರಡಿಕೊಂಡವು. ಭಾಷೆಯಲ್ಲವೇ, ಹಾಗಾಗುವುದು ಸಹಜ ಎಂದು ಜನರು ಅಂದುಕೊಳ್ಳುವಷ್ಟರಲ್ಲಿ, 1913ರಲ್ಲಿ ಅದೇ ಪರೀಕ್ಷೆಯನ್ನು ರೇಖಾಗಣಿತದ ಉತ್ತರಪತ್ರಿಕೆಯ ಮೇಲೆ ನಡೆಸಿದರು. ಅಂಕಗಳ ಹರಹು ಇನ್ನೂ ಹೆಚ್ಚಾಯಿತು! ಒಂದೇ ಪತ್ರಿಕೆಗೆ ಮೂವತ್ತಕ್ಕಿಂತ ಕಡಿಮೆ ಕೊಟ್ಟವರೂ ಇದ್ದರು, ತೊಂಬತ್ತಕ್ಕಿಂತ ಹೆಚ್ಚು ಕೊಟ್ಟವರೂ ಇದ್ದರು. ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನವೆಂಬುದರಲ್ಲಿ ಅವರಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆ ಹುಡುಗನಿಗೆ ಎಷ್ಟು ತಿಳಿದಿದೆ ಎಂಬ ಪ್ರಶ್ನೆ ಬಂದೊಡನೆ, ಕ್ರಮಕ್ಕೆಷ್ಟು, ಅಚ್ಚುಕಟ್ಟಿಗೆಷ್ಟು, ಸಣ್ಣ ತಪ್ಪಿಗೆಷ್ಟು ಎಂಬ ಹತ್ತು ತೂಕಗಳು ಬೆರೆತವು. ರೇಖಾಗಣಿತ ಗಟ್ಟಿ, ರೇಖಾಗಣಿತದ ಅಂಕ ಮೆದು.

ಈ ಒಂದು ದೃಷ್ಟಾಂತದಲ್ಲಿ ನಾವು ಹೇಳಬೇಕೆಂದಿರುವುದೆಲ್ಲ ಅಡಕವಾಗಿದೆ. ಗಟ್ಟಿತನವಾಗಲಿ ಮೆದುತನವಾಗಲಿ ಶಾಸ್ತ್ರಕ್ಕೆ ಅಂಟಿದ ಗುಣವಲ್ಲ. ನಾವು ಕೇಳುವ ಪ್ರಶ್ನೆಗೆ ಸೇರಿದ ಗುಣ. ಪ್ರಶ್ನೆಯನ್ನು ಅದರ ಸುತ್ತಮುತ್ತಿನಿಂದ ಬಿಡಿಸಲು ಎಷ್ಟು ಬರುತ್ತದೋ ಅಷ್ಟು ಗಟ್ಟಿ ಉತ್ತರ ಸಿಗುತ್ತದೆ. ಆದುದರಿಂದ ಗಡಿಗೆರೆ ಭೌತಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ನಡುವೆ ಇಲ್ಲ. ಒಂದೊಂದು ಶಾಸ್ತ್ರದ ಒಳಗೂ ಹಾದುಹೋಗುತ್ತದೆ. ಗಡಿಗೆರೆಗಳು ಮನೆಗಳ ನಡುವೆಯೇ ಹಾಯುವುದನ್ನು ಕಂಡ ನಮಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ.

ಇದರಿಂದ ಅಧ್ಯಾಪಕರಾದ ನಮಗೆ ಒದಗುವ ಕರ್ತವ್ಯಗಳು ಮೂರು. ಮೊದಲನೆಯದು, ಅಂಕಗಳನ್ನು ಮುಂದಿಟ್ಟುಕೊಂಡು ಚುರುಕಾದ ಮಕ್ಕಳನ್ನು ಒಂದೇ ದಾರಿಗೆ ಅಟ್ಟದಿರುವುದು. ಹೆಚ್ಚು ಜಟಿಲವಾದ ಪ್ರಶ್ನೆಗಳಿಗೆ ಚುರುಕು ಬುದ್ಧಿ ಇನ್ನೂ ಹೆಚ್ಚಾಗಿ ಬೇಕು. ಎರಡನೆಯದು, ಯಾವ ಪಾಠವನ್ನೇ ಹೇಳುವಾಗಲೂ ಯಾವ ಮಾತು ನಿಶ್ಚಿತ, ಯಾವುದು ಸಂಭವ, ಯಾವುದು ಊಹೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ತೋರುವುದು. ಜಟಿಲತೆಯ ನೆಪದಲ್ಲಿ ಚರಿತ್ರೆಯ ಅಧ್ಯಾಪಕನು ಬಾಯಿಗೆ ಬಂದುದನ್ನು ಹೇಳಬಾರದು. ನಿಖರತೆಯ ಠೀವಿಯಲ್ಲಿ ವಿಜ್ಞಾನದ ಅಧ್ಯಾಪಕನು ನಾಳಿನ ಮಳೆಯನ್ನು ನಾಳಿನ ಗ್ರಹಣದಂತೆ ಹೇಳಬಾರದು. ಮೂರನೆಯದು ಈ ಸಂಘದ ಸದಸ್ಯರಿಗೆ ವಿಶೇಷವಾಗಿ ಅನ್ವಯಿಸುವುದು. ನಮ್ಮ ಊರಿನ ಯಾವ ಮನೆಯಲ್ಲಿ ಯಾವ ಭಾಷೆ ಯಾರೊಡನೆ ನಡೆಯುತ್ತದೆ, ಯಾವ ಮಗು ಯಾವ ವರ್ಷ ಯಾವ ಕಾರಣಕ್ಕೆ ಶಾಲೆ ಬದಲಾಯಿಸಿತು ಎಂಬುದನ್ನು ವರ್ಷವರ್ಷವೂ ತಾಳ್ಮೆಯಿಂದ ಬರೆದಿಡಬಲ್ಲವರು ಆ ಊರಿನಲ್ಲಿ ಬಾಳುವ ಅಧ್ಯಾಪಕರೇ. ಅದಕ್ಕೆ ದೂರದರ್ಶಕ ಬೇಡ, ಪ್ರಯೋಗಶಾಲೆ ಬೇಡ. ಒಂದು ಪುಸ್ತಕ, ಒಂದು ಲೇಖನಿ, ಮೊದಲೇ ತೀರ್ಪು ಕೊಡದ ಮನಸ್ಸು ಸಾಕು. ಆ ಕೆಲಸವನ್ನು ಯಾರಾದರೂ ಮೆದುವೆಂದು ಕರೆದರೆ ಕರೆಯಲಿ. ಮುಂದೆ ಗಡಿನಾಡಿನ ಕನ್ನಡದ ಗತಿಯನ್ನು ಕುರಿತು ಸತ್ಯ ಹೇಳಬೇಕೆಂದವರಿಗೆ ನಿಲ್ಲಲು ಗಟ್ಟಿ ನೆಲವೆಂದರೆ ಅದೊಂದೇ ಆದೀತು.